ಗೋಡೆಯ ಮೇಲಿನ ಚಿತ್ರ ಯಾರ ಸೊತ್ತು?

ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಲಕ್ಷ್ಮಿ, ಸರಸ್ವತಿಯರ ಪಟಗಳು ಮನೆಮನೆಯ ಗೋಡೆಗೂ ಬಂದವು. ಆ ಚಿತ್ರಗಳನ್ನು ಇಂದು ಯಾರಾದರೂ ಅಚ್ಚುಮಾಡಿ ಮಾರಬಹುದೇ? ಅವಶ್ಯವಾಗಿ ಮಾರಬಹುದು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಕಲಾವಿದನು ಕಾಲವಾದ ಮರುವರ್ಷದಿಂದ 60 ವರ್ಷಗಳು ಕಳೆದರೆ ಹಕ್ಕು ಮುಗಿಯುತ್ತದೆ. ರವಿವರ್ಮರು ನಿಧನರಾದುದು 1906ರಲ್ಲಿ.

ಆದರೆ 1996ರಲ್ಲಿ ಅಗಲಿದ ಕೆ. ಕೆ. ಹೆಬ್ಬಾರರ ಚಿತ್ರಗಳಿಗೆ 2056ರ ಕೊನೆಯವರೆಗೂ ರಕ್ಷಣೆಯುಂಟು. ಮೂಲಚಿತ್ರವನ್ನು ಹಣ ತೆತ್ತು ಕೊಂಡ ಮಾತ್ರಕ್ಕೆ ಅದರ ಪ್ರತಿಗಳನ್ನು ಮಾರುವ ಅಧಿಕಾರ ದೊರೆಯದು. ಹಕ್ಕನ್ನು ಲಿಖಿತವಾಗಿ ಪಡೆದಿರಬೇಕು. ಅರಿತೂ ಉಲ್ಲಂಘಿಸಿದವರಿಗೆ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

ಅವಧಿ ಮುಗಿದ ಚಿತ್ರದ ಪ್ರತಿಯನ್ನಾದರೂ ಮೂಲವೆಂದು ನಂಬಿಸಿ ಮಾರಿದರೆ ಅದು ವಂಚನೆಯೇ. ಬೆಲೆಬಾಳುವ ಪಟವನ್ನು ಕೊಳ್ಳುವ ಗೃಹಸ್ಥರು, ರಸೀತಿಯಲ್ಲಿ ‘ಪ್ರತಿ’ ಎಂದಿದೆಯೋ ‘ಮೂಲ’ ಎಂದಿದೆಯೋ ನೋಡಿಕೊಳ್ಳುವುದು ಲೇಸು.