ಚಾಳೀಸಿನ ಹೊಸ ಕನ್ನಡಕ: ಕಣ್ಣು ಕಲಿಯಬೇಕಾದ ಪಾಠ

(ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಸಂಗ್ರಹ)



ನಲವತ್ತರ ಆಸುಪಾಸಿನಲ್ಲಿ ತಲೆದೋರುವ ದೃಷ್ಟಿಯ ಕುಂದನ್ನು ನಮ್ಮ ಹಿರಿಯರು ‘ಚಾಳೀಸು’ ಎಂದೇ ಕರೆದರು. ಹಿಂದಿಯ ನಲವತ್ತು ಕನ್ನಡದಲ್ಲಿ ಕಣ್ಣಿಗೆ ಅಂಟಿಕೊಂಡಿತು. ಕಣ್ಣಿನೊಳಗಿನ ಮಸೂರವು ವಯಸ್ಸಾದಂತೆ ಗಡುಸಾಗಿ, ಹತ್ತಿರದ ವಸ್ತುವಿಗೆ ತಕ್ಕಂತೆ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುವುದೇ ಇದರ ಕಾರಣ.

1784ರ ವೇಳೆಗೆ ಬೆಂಜಮಿನ್ ಫ್ರಾಂಕ್ಲಿನ್ ಎರಡು ಬಗೆಯ ಗಾಜುಗಳನ್ನು ಜೋಡಿಸಿದ ಕನ್ನಡಕವನ್ನು ಧರಿಸುತ್ತಿದ್ದರು: ಮೇಲರ್ಧ ದೂರಕ್ಕೆ, ಕೆಳಗಿನರ್ಧ ಓದಿಗೆ. ಇದೇ ಬೈಫೋಕಲ್. ನಡುವಣ ದೂರಕ್ಕೆ ಅದರಲ್ಲಿ ಎಡೆಯಿಲ್ಲ. 1959ರಲ್ಲಿ ಫ್ರಾನ್ಸಿನ ಎಂಜಿನಿಯರ್ ಬರ್ನಾರ್ ಮೆತೆನಾಜ್ ಅವರ ವ್ಯಾರಿಲಕ್ಸ್ ಮಸೂರ ಬಂದಿತು. ಅದರಲ್ಲಿ ಗೆರೆಯಿಲ್ಲ; ಶಕ್ತಿಯು ಮೇಲಿನಿಂದ ಕೆಳಕ್ಕೆ ಕ್ರಮೇಣ ಏರುತ್ತದೆ. ಪ್ರೋಗ್ರೆಸಿವ್ ಎಂಬ ಹೆಸರು ಇದರಿಂದಲೇ.

ಈ ಅನುಕೂಲಕ್ಕೆ ಬೆಲೆಯೂ ಉಂಟು. ಹೀಗೆ ಶಕ್ತಿ ಏರುವ ಮಸೂರದ ಇಕ್ಕೆಲಗಳಲ್ಲಿ ಬಿಂಬ ಮಸುಕಾಗಲೇಬೇಕೆಂಬುದನ್ನು 1963ರಲ್ಲಿ ಮಿಂಕ್ವಿಟ್ಜ್ ಗಣಿತದಿಂದ ತೋರಿಸಿದರು. ಆದ್ದರಿಂದ ನಡುವಣ ದೂರವೂ ಓದೂ ಒಂದು ಕಿರಿದಾದ ಓಣಿಯ ಮೂಲಕವೇ ಸ್ಪಷ್ಟವಾಗಿ ಕಾಣುತ್ತವೆ. ಮೊದಲ ದಿನಗಳಲ್ಲಿ ನೆಲ ತೇಲಿದಂತೆ, ಬಾಗಿಲ ಚೌಕಟ್ಟು ಬಾಗಿದಂತೆ ತೋರುವುದು ಸಹಜ.

ತಲೆ ಅಲುಗಿದಾಗ ನೋಟ ಕದಲದಿರಲೆಂದು ಮಿದುಳು ಒಳಗಿವಿಯ ಸೂಚನೆಯಂತೆ ಕಣ್ಣನ್ನು ಎದುರು ದಿಕ್ಕಿಗೆ ಸರಿಸುತ್ತದೆ. ಹೊಸ ಮಸೂರ ಈ ಲೆಕ್ಕವನ್ನು ತಪ್ಪಿಸುವುದರಿಂದ ಮಿದುಳು ಅದನ್ನು ಮತ್ತೆ ಕಲಿಯಬೇಕು. ಬಹುಮಂದಿಗೆ ಇದಕ್ಕೆ ಕೆಲವು ದಿನಗಳಿಂದ ಎರಡು ವಾರ ಸಾಕು. ಆದರೆ ಹಳೆಯ ಕನ್ನಡಕವನ್ನೂ ಹೊಸದನ್ನೂ ಅದಲುಬದಲಾಗಿ ಧರಿಸಿದರೆ ಕಲಿಕೆ ನಿಧಾನವಾಗುತ್ತದೆ.

ಅಭ್ಯಾಸದ ಕ್ರಮ ಸರಳ. ಪಕ್ಕಕ್ಕೆ ನೋಡುವಾಗ ಕಣ್ಣನ್ನಷ್ಟೇ ಹೊರಳಿಸದೆ ಮೂಗನ್ನೂ ಅತ್ತ ತಿರುಗಿಸಿರಿ. ಓದುವಾಗ ತಲೆ ಬಗ್ಗಿಸದೆ ದೃಷ್ಟಿಯನ್ನು ತಗ್ಗಿಸಿರಿ. ಮೆಟ್ಟಿಲಿಳಿಯುವಾಗ ಮಾತ್ರ ಗದ್ದವನ್ನು ಎದೆಯತ್ತ ತಂದು, ಮಸೂರದ ಮೇಲ್ಭಾಗದಿಂದ ಹೆಜ್ಜೆಯ ಜಾಗವನ್ನು ನೋಡಿರಿ. ಕೈ ಕಂಬಿಯ ಮೇಲಿರಲಿ. ನೋಟ ಒಗ್ಗುವ ತನಕ ಕಾರು ನಡೆಸದಿರುವುದು ಲೇಸು.

ಊರಿನಿಂದ ಬಂದು ನಮ್ಮೊಡನೆ ಇರುವ ತಂದೆತಾಯಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಓದಿಗಾಗಿ ಇರುವ ಕೆಳಭಾಗದಿಂದ ನೋಡಿದರೆ ಮೆಟ್ಟಿಲಿನ ಅಂಚು ಮಸುಕು. 2010ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಹೊರಗೆ ಹೆಚ್ಚಾಗಿ ಓಡಾಡುವ ವೃದ್ಧರಿಗೆ ದೂರನೋಟದ ಬೇರೊಂದು ಕನ್ನಡಕ ಕೊಟ್ಟಾಗ ಅವರು ಬೀಳುವುದು ಕಡಮೆಯಾಯಿತು. ಮನೆಯಲ್ಲೇ ಹೆಚ್ಚಾಗಿ ಇರುವವರಿಗೆ ಆ ಲಾಭ ದೊರೆಯಲಿಲ್ಲ. ಹಿರಿಯರ ದಿನಚರಿಯನ್ನು ವೈದ್ಯರಿಗೆ ತಿಳಿಸಿಯೇ ಕನ್ನಡಕವನ್ನು ಆರಿಸುವುದು ಉಚಿತ.

ಎರಡು ವಾರಗಳ ನಂತರವೂ ತಲೆನೋವು, ತಲೆಸುತ್ತು ಉಳಿದರೆ ವಯಸ್ಸನ್ನು ದೂಷಿಸಿ ಸುಮ್ಮನಾಗಬೇಡಿರಿ. ಮಸೂರದ ಅಳತೆ ಕಣ್ಣಪಾಪೆಯ ನೇರಕ್ಕೆ ಇರಬೇಕು; ಕೆಲವೇ ಮಿಲಿಮೀಟರ್ ತಪ್ಪಿದರೂ, ಚೌಕಟ್ಟು ಮೂಗಿನಿಂದ ಜಾರಿದರೂ ನೋಟ ಓಣಿಯನ್ನು ತಪ್ಪುತ್ತದೆ. ಅಂಥ ತಪ್ಪನ್ನು ಅಭ್ಯಾಸ ತಿದ್ದಲಾರದು, ಮಾಡಿಕೊಟ್ಟವರೇ ತಿದ್ದಬೇಕು. ಕನ್ನಡಕವನ್ನು ಮೇಜಿನ ಖಾನೆಗೆ ಸೇರಿಸುವ ಮೊದಲು ಅಂಗಡಿಗೆ ಮರಳಿ ಒಯ್ಯಿರಿ.