ಹೊಸ ವಿಂಡೋಸ್ ಹಾಕುವ ಮುನ್ನ ಕಂಪ್ಯೂಟರಿನಲ್ಲಿ ಜಾಗ ಮಾಡಿಕೊಳ್ಳುವ ಕ್ರಮ

ಹಾಲು ಉತ್ಪಾದಕರ ಸಂಘಗಳಲ್ಲಿ, ಸಹಕಾರ ಸಂಘಗಳಲ್ಲಿ, ನರ್ಸರಿಗಳಲ್ಲಿ ಮತ್ತು ಅನೇಕ ರೈತರ ಮನೆಗಳಲ್ಲಿ ಇಂದು ಕಂಪ್ಯೂಟರು ಬಳಕೆಗೆ ಬಂದಿದೆ. ಹಾಲಿನ ಲೆಕ್ಕ, ಗೊಬ್ಬರದ ದಾಸ್ತಾನು, ಸಾಲದ ಪಟ್ಟಿ, ಮಣ್ಣು ಪರೀಕ್ಷೆಯ ವರದಿ, ಪಹಣಿಯ ಪ್ರತಿ, ಮಕ್ಕಳ ಓದಿನ ಪಾಠ ಎಲ್ಲವೂ ಅದರೊಳಗೆ ಸೇರಿವೆ. ಈ ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್.

2015ರಲ್ಲಿ ಬಂದ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಆ ಸಂಸ್ಥೆ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಅಂದಿನಿಂದ ಆ ಯಂತ್ರಗಳೇನೂ ನಿಂತುಹೋಗಿಲ್ಲ. ಆದರೆ ಹೊಸದಾಗಿ ಕಂಡುಬರುವ ದೋಷಗಳಿಗೆ ಮೊದಲಿನಂತೆ ತಿದ್ದುಪಡಿ ಬರುವುದಿಲ್ಲ. ಆದ್ದರಿಂದ ಅನೇಕರು 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಬದಲಾಯಿಸಿಕೊಳ್ಳುತ್ತಿದ್ದಾರೆ. ಈ ಬದಲಾವಣೆಯಲ್ಲಿ ಹೆಚ್ಚಾಗಿ ಎದುರಾಗುವ ತೊಡಕು ಜಾಗದ ಕೊರತೆ. ಜಾಗ ಸಾಲದೆಂದು ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಅಳಿಸಿ, ಮರಳಿ ಬಾರದ ದಾಖಲೆ ಕಳೆದುಕೊಂಡವರೂ ಇದ್ದಾರೆ. ಅದನ್ನು ತಪ್ಪಿಸುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಜಾಗ ಏಕೆ ಬೇಕು?

ಹತ್ತು ಚೀಲ ರಾಗಿ ಇಡಲು ಮನೆಯ ಒಂದು ಮೂಲೆ ಸಾಕು. ಆದರೆ ಅದೇ ರಾಗಿಯನ್ನು ಒಕ್ಕಣೆ ಮಾಡಲು ಒಂದು ಕಣವೇ ಬೇಕು. ಮೆದೆಗೆ ಒಂದು ಕಡೆ, ಹುಲ್ಲಿಗೆ ಒಂದು ಕಡೆ, ತೂರಿದ ರಾಶಿಗೆ ಇನ್ನೊಂದು ಕಡೆ ಜಾಗ ಬಿಡಬೇಕು. ಕೊನೆಗೆ ಉಳಿಯುವುದು ಹತ್ತು ಚೀಲವೇ ಆದರೂ ಕೆಲಸ ನಡೆಯುವಾಗ ಬೇಕಾಗುವ ಜಾಗ ಅದರ ಹಲವು ಪಟ್ಟು.

ವಿಂಡೋಸ್ ಬದಲಾಯಿಸುವಾಗಲೂ ಹೀಗೆಯೇ ಆಗುತ್ತದೆ. ಮೂರು ಬಗೆಯ ಸಾಮಾನು ಒಟ್ಟಿಗೆ ಡಿಸ್ಕಿನಲ್ಲಿ ಸೇರುತ್ತವೆ. ಮೊದಲನೆಯದು, ಇಂಟರ್ನೆಟ್ಟಿನಿಂದ ಇಳಿದು ಬರುವ ಹೊಸ ವ್ಯವಸ್ಥೆಯ ಕಟ್ಟು. ಇದು ಸುಮಾರು 4ರಿಂದ 6 ಜಿಬಿ ಇರುತ್ತದೆ. ಎರಡನೆಯದು, ಆ ಕಟ್ಟನ್ನು ಬಿಚ್ಚಿ ಹರಡಿದ ಹೊಸ ವ್ಯವಸ್ಥೆ. ಮೂರನೆಯದು, ನಿಮ್ಮ ಹಳೆಯ ವ್ಯವಸ್ಥೆ. ಹೊಸದು ಬಂದ ಕೂಡಲೇ ಹಳೆಯದನ್ನು ಕಂಪ್ಯೂಟರು ಬಿಸಾಡುವುದಿಲ್ಲ. ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರಿನಲ್ಲಿ ಕಟ್ಟಿ ಇಟ್ಟಿರುತ್ತದೆ. ಇದೊಂದೇ ಸಾಮಾನ್ಯವಾಗಿ 15ರಿಂದ 30 ಜಿಬಿ ಹಿಡಿಯುತ್ತದೆ.

ನಡುವೆ ಜಾಗ ಸಾಲದೆ ಹೋದರೆ ಸಾಮಾನ್ಯವಾಗಿ ಕಂಪ್ಯೂಟರು ಕೆಲಸ ನಿಲ್ಲಿಸಿ ಹಳೆಯ ವ್ಯವಸ್ಥೆಗೇ ಹಿಂದಿರುಗುತ್ತದೆ. ನಿಮ್ಮ ಅರ್ಧ ದಿನ ಮತ್ತು ಇಂಟರ್ನೆಟ್ಟಿಗೆ ಕೊಟ್ಟ ಹಣ ವ್ಯರ್ಥವಾಗುತ್ತವೆ.

ಎಷ್ಟು ಜಾಗ ಬೇಕು?

ವಿಂಡೋಸ್ 11 ಹಾಕಲು ಡಿಸ್ಕಿನ ಒಟ್ಟು ಅಳತೆ ಕನಿಷ್ಠ 64 ಜಿಬಿ ಇರಬೇಕೆಂದು ಮೈಕ್ರೋಸಾಫ್ಟ್ ತಿಳಿಸುತ್ತದೆ. ಇದು ಖಾಲಿ ಜಾಗದ ಲೆಕ್ಕವಲ್ಲ ಎಂಬುದನ್ನು ಗಮನಿಸಬೇಕು. ಖಾಲಿ ಜಾಗ 25ರಿಂದ 30 ಜಿಬಿ ಇದ್ದರೆ ಕ್ಷೇಮ ಎಂಬುದು ನನ್ನ ಸಲಹೆ. ಇದರ ಜೊತೆಗೆ 4 ಜಿಬಿ ರ್‍ಯಾಮ್, ತಕ್ಕ ಪ್ರೊಸೆಸರು ಮತ್ತು ಟಿಪಿಎಮ್ 2.0 ಎಂಬ ಭದ್ರತಾ ಭಾಗವೂ ಬೇಕು. ಇವಿಲ್ಲದ ಯಂತ್ರದಲ್ಲಿ ಎಷ್ಟು ಜಾಗ ಮಾಡಿದರೂ ಫಲವಿಲ್ಲ. ಆದ್ದರಿಂದ ಮೈಕ್ರೋಸಾಫ್ಟಿನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಂತ್ರಾಂಶದಿಂದ ಮೊದಲು ಪರೀಕ್ಷೆ ಮಾಡಿಕೊಳ್ಳಿ.

ಡಿಸ್ಕಿನ ಮೇಲೆ ಬರೆದ ಅಳತೆಗೂ ಪರದೆಯ ಮೇಲೆ ಕಾಣುವ ಅಳತೆಗೂ ವ್ಯತ್ಯಾಸವಿದೆಯೆಂದು ಗಾಬರಿಯಾಗಬೇಡಿ. 500 ಜಿಬಿ ಡಿಸ್ಕು 465 ಎಂದೂ 128 ಜಿಬಿ ಡಿಸ್ಕು 119 ಎಂದೂ ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಬೇರೆ ಬೇರೆ ಕೊಳಗದಲ್ಲಿ ಅಳೆದಂತೆ ಅಷ್ಟೆ. ಮಾಲು ಒಂದೇ.

ಇನ್ನೊಂದು ಮುಖ್ಯ ಸಂಗತಿ. ನಮ್ಮ ಕಡೆ ಕಂಪ್ಯೂಟರು ಕೊಡುವವರು ಒಂದೇ ಡಿಸ್ಕನ್ನು ಸಿ ಡ್ರೈವ್, ಡಿ ಡ್ರೈವ್ ಎಂದು ಭಾಗ ಮಾಡಿ ಕೊಡುವುದುಂಟು. ವಿಂಡೋಸ್ ಇರುವುದು ಸಾಮಾನ್ಯವಾಗಿ ಸಿ ಡ್ರೈವಿನಲ್ಲಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಂಬ ಜಾಗಗಳೂ ಬದಲಾಯಿಸದಿದ್ದರೆ ಅಲ್ಲಿಯೇ ಇರುತ್ತವೆ. ಆದ್ದರಿಂದ ಸಿ ತುಂಬಿ ತುಳುಕುತ್ತಿರುತ್ತದೆ, ಡಿ ಬರಿದಾಗಿರುತ್ತದೆ. ಹೊಸ ವಿಂಡೋಸಿಗೆ ಬೇಕಾದ ಜಾಗ ಇರಬೇಕಾದದ್ದು ಸಿ ಡ್ರೈವಿನಲ್ಲಿ.

ಮೊದಲ ಕೆಲಸ: ನಕಲು

ಜಾಗ ಬಿಡಿಸುವುದಕ್ಕೂ ಮುಂಚೆ ನಿಮ್ಮ ಕಡತಗಳ ನಕಲನ್ನು ಕಂಪ್ಯೂಟರಿನಿಂದ ಹೊರಗೆ ಇಡಬೇಕು. ಇದಕ್ಕೆ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಉತ್ತಮ, ಕಡತ ಕಡಿಮೆ ಇದ್ದರೆ ಪೆನ್ ಡ್ರೈವ್ ಸಾಕು. ಸಿ ಡ್ರೈವಿನದನ್ನು ಡಿ ಡ್ರೈವಿಗೆ ಹಾಕಿದರೆ ಜಾಗ ಸಿಗುತ್ತದೆಯೇ ಹೊರತು ಭದ್ರತೆ ಸಿಗುವುದಿಲ್ಲ. ಅವೆರಡೂ ಒಂದೇ ಸೂರಿನ ಎರಡು ಕೋಣೆಗಳು. ಡಿಸ್ಕು ಕೆಟ್ಟರೆ ಎರಡೂ ಹೋಗುತ್ತವೆ.

ಇಷ್ಟೊಂದು ಎಚ್ಚರ ಬೇಕೇ ಎಂದು ನೀವು ಕೇಳಬಹುದು. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಒಂದು ಪರಿಷ್ಕರಣೆ ಕೆಲವು ಬಳಕೆದಾರರ ಕಡತಗಳನ್ನೇ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಅದರ ವಿತರಣೆಯನ್ನು ತಡೆಹಿಡಿದು, ದೋಷ ಸರಿಪಡಿಸಿ, ನವೆಂಬರಿನಲ್ಲಿ ಮತ್ತೆ ಬಿಡುಗಡೆ ಮಾಡಿತು. ನಕಲು ಇಟ್ಟಿದ್ದವರಿಗೆ ಇದು ಬರೀ ಕಿರಿಕಿರಿ, ಇಡದವರಿಗೆ ನಷ್ಟ.

ನಕಲು ಮಾಡುವಾಗ ಈ ಎರಡನ್ನು ಮರೆಯಬಾರದು. ಒಂದು, ಲೆಕ್ಕದ ತಂತ್ರಾಂಶದ ಮಾಹಿತಿ. ಅದು ಡಾಕ್ಯುಮೆಂಟ್ಸ್‌ನಲ್ಲಿ ಇಲ್ಲದೆ ಬೇರೆಡೆ ಇರಬಹುದು. ಆ ತಂತ್ರಾಂಶದಲ್ಲಿಯೇ ಇರುವ ‘ಬ್ಯಾಕಪ್’ ಆಯ್ಕೆಯಿಂದ ನಕಲು ತೆಗೆಯಿರಿ. ಎರಡು, ನುಡಿ ಮುಂತಾದ ಹಳೆಯ ಕನ್ನಡ ಅಕ್ಷರಶೈಲಿಗಳು. ಯೂನಿಕೋಡ್‌ಗೆ ಮುಂಚಿನ ಅಕ್ಷರಗಳಲ್ಲಿ ಟೈಪು ಮಾಡಿದ ನಡಾವಳಿ ಪತ್ರಗಳು, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅಕ್ಷರಶೈಲಿಯ ಕಡತಗಳನ್ನೂ ಜೊತೆಗೆ ನಕಲು ಮಾಡಿಟ್ಟುಕೊಳ್ಳಿ.

ನಕಲು ಮುಗಿದ ಮೇಲೆ ನಾಲ್ಕಾರು ಕಡತಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಮೊಳಕೆ ಪರೀಕ್ಷೆ ಮಾಡದೆ ಬಿತ್ತನೆ ಬೀಜ ನಂಬುವುದಿಲ್ಲವಲ್ಲ, ಇದೂ ಹಾಗೆಯೇ.

ನನ್ನದೇ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ನನ್ನ ಕಂಪ್ಯೂಟರಿನಲ್ಲಿ ಹೊಸ ಪರಿಷ್ಕರಣೆಗೆ ಜಾಗ ಸಾಲಲಿಲ್ಲ. ತಾತ್ಕಾಲಿಕ ಕಡತಗಳ ಪಟ್ಟಿ ತೆರೆದು, ಇರುವ ಎಲ್ಲ ಚೌಕಗಳಿಗೂ ಗುರುತು ಹಾಕಿ ಅಳಿಸಿಬಿಟ್ಟೆ. ಹನ್ನೊಂದು ಜಿಬಿ ಜಾಗ ಸಿಕ್ಕಿತೆಂದು ಸಂತೋಷವೂ ಆಯಿತು. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬ ಚೌಕವೂ ಇತ್ತು. ರಾಗಿ ಮತ್ತು ತೊಗರಿ ಅಂತರ ಬೆಳೆ ಪ್ರಯೋಗದ ಮಾಹಿತಿಯನ್ನು ಕ್ಷೇತ್ರ ಸಹಾಯಕರು ಈಮೇಲಿನಲ್ಲಿ ಕಳುಹಿಸಿದಂತೆಲ್ಲ ನಾನು ಇಳಿಸಿಕೊಂಡು, ತಿದ್ದಿ, ಅಲ್ಲಿಯೇ ಬಿಟ್ಟಿದ್ದೆ. ಹೀಗೆ ಅಳಿಸಿದ್ದು ರೀಸೈಕಲ್ ಬಿನ್ನಿಗೂ ಹೋಗುವುದಿಲ್ಲ.

ಇಳುವರಿಯ ಅಂಕಿಗಳು ಹೊಲದ ನೋಟ್ ಪುಸ್ತಕದಲ್ಲಿದ್ದುದರಿಂದ ಉಳಿದವು. ಒಂದು ಹಂಗಾಮಿನ ಮಣ್ಣಿನ ತೇವಾಂಶದ ಅಂಕಿಗಳು ಮಾತ್ರ ಸಿಗಲಿಲ್ಲ. ಆ ಮಳೆಗಾಲ ಮತ್ತೆ ಬರುವುದಿಲ್ಲ. ನಾನು ಮಾಡಿದ ತಪ್ಪು ಅಳಿಸಿದ್ದಲ್ಲ, ಓದದೆ ಅಳಿಸಿದ್ದು, ನಕಲಿಲ್ಲದೆ ಅಳಿಸಿದ್ದು.

ಜಾಗ ಬಿಡಿಸುವ ಕ್ರಮ

ಈ ಕೆಳಗಿನ ಕ್ರಮದಲ್ಲಿಯೇ ಮಾಡಿದರೆ ಅಪಾಯ ಕಡಿಮೆ.

1. ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ಸ್ಟೋರೇಜ್ ತೆರೆಯಿರಿ. ಯಾವ ಬಗೆಯ ಕಡತ ಎಷ್ಟು ಜಾಗ ಹಿಡಿದಿದೆ ಎಂದು ಅಲ್ಲಿ ಕಾಣುತ್ತದೆ. ಮೊದಲು ಅದನ್ನು ಓದಿ, ಅಳಿಸುವುದು ಆಮೇಲೆ.

2. ಸಿನಿಮಾ, ಮದುವೆಯ ವಿಡಿಯೋ, ಫೋಟೋಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿ. ಹೆಚ್ಚು ಜಾಗ ಸಿಗುವುದು ಇಲ್ಲಿಯೇ. ಒಂದು ವಿಡಿಯೋ ಹಿಡಿಯುವ ಜಾಗದಲ್ಲಿ ಸಂಘದ ಹತ್ತಾರು ವರ್ಷಗಳ ಪತ್ರ ವ್ಯವಹಾರ ಹಿಡಿಯುತ್ತದೆ.

3. ಬಳಸದ ತಂತ್ರಾಂಶಗಳನ್ನು ಸೆಟ್ಟಿಂಗ್ಸ್‌ನ ‘ಆ್ಯಪ್ಸ್’ ಪಟ್ಟಿಯ ಮೂಲಕ ತೆಗೆಯಿರಿ. ಫೋಲ್ಡರನ್ನು ಕೈಯಿಂದ ಅಳಿಸಬೇಡಿ.

4. ‘ಟೆಂಪರರಿ ಫೈಲ್ಸ್’ ತೆರೆದು ಪ್ರತಿಯೊಂದು ಸಾಲನ್ನೂ ಓದಿ. ಬೇಡವಾದವುಗಳಿಗೆ ಮಾತ್ರ ಗುರುತು ಹಾಕಿ. ‘ಡೌನ್‌ಲೋಡ್ಸ್’ ಚೌಕವನ್ನು ಖಾಲಿ ಬಿಡಿ.

5. ಕೊನೆಗೆ ರೀಸೈಕಲ್ ಬಿನ್ ಖಾಲಿ ಮಾಡಿ. ಅದರಲ್ಲಿ ಬಿದ್ದಿರುವ ಕಡತಗಳು ಡಿಸ್ಕಿನಲ್ಲಿ ಜಾಗ ಹಿಡಿದೇ ಇರುತ್ತವೆ.

6. ಸಿ ಡ್ರೈವಿನ ‘ವಿಂಡೋಸ್’ ಮತ್ತು ‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರುಗಳಿಗೆ ಯಾವ ಕಾರಣಕ್ಕೂ ಕೈಹಾಕಬಾರದು.

ಇಷ್ಟಾದರೂ ಸ್ವಲ್ಪ ಕೊರತೆಯಾದರೆ, ಖಾಲಿ ಪೆನ್ ಡ್ರೈವನ್ನು ಹೆಚ್ಚುವರಿ ಕಣವಾಗಿ ಬಳಸುವ ಅವಕಾಶವನ್ನು ವಿಂಡೋಸ್ ಕೊಡುತ್ತದೆ. 16 ಜಿಬಿ ಅಥವಾ ಹೆಚ್ಚಿನದನ್ನು ಇಟ್ಟುಕೊಳ್ಳಿ. ಕೆಲಸ ಮುಗಿಯುವವರೆಗೂ ಅದನ್ನು ಕೀಳಬೇಡಿ. ನಕಲು ಇಟ್ಟ ಪೆನ್ ಡ್ರೈವನ್ನು ಇದಕ್ಕೆ ಬಳಸಬೇಡಿ.

ಬದಲಾಯಿಸುವ ದಿನ

ಹಾಲಿನ ಬಟವಾಡೆಯ ದಿನ, ಲೆಕ್ಕ ಒಪ್ಪಿಸುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ವಿದ್ಯುತ್ ಖಚಿತವಾಗಿರುವ ವೇಳೆ ನೋಡಿಕೊಳ್ಳಿ. ಲ್ಯಾಪ್‌ಟಾಪ್ ಆದರೆ ಪೂರ್ತಿ ಚಾರ್ಜ್ ಮಾಡಿ, ವೈರನ್ನೂ ಜೋಡಿಸಿಡಿ. ಮೇಜಿನ ಕಂಪ್ಯೂಟರಿಗೆ ಯುಪಿಎಸ್ ಇದ್ದರೂ ಅದು ಕೆಲವೇ ನಿಮಿಷ ಕಾಯುತ್ತದೆ ಎಂಬುದು ನೆನಪಿರಲಿ. ಮೊಬೈಲಿನ ಇಂಟರ್ನೆಟ್ ಬಳಸುವವರು ದಿನದ ಮಿತಿ ನೋಡಿಕೊಂಡು ಶುರು ಮಾಡಬೇಕು. ನಕಲು ಇರುವ ಡಿಸ್ಕನ್ನು ಕಳಚಿ ಬೇರೆ ಕಡೆ ಇಡಿ.

ಅನಂತರದ ಹತ್ತು ದಿನ

ಹೊಸ ವ್ಯವಸ್ಥೆ ಬಂದ ಕೂಡಲೇ ಜಾಗ ಕಡಿಮೆಯಾಗಿದೆಯೆಂದು ವಿಂಡೋಸ್.ಓಲ್ಡ್ ಅಳಿಸಲು ಹೋಗಬೇಡಿ. ಹೊಸದು ಒಗ್ಗದಿದ್ದರೆ ಸೆಟ್ಟಿಂಗ್ಸ್‌ನ ‘ರಿಕವರಿ’ಯಲ್ಲಿ ‘ಗೋ ಬ್ಯಾಕ್’ ಒತ್ತಿ ಹಳೆಯದಕ್ಕೆ ಹಿಂದಿರುಗಲು ಸಾಮಾನ್ಯವಾಗಿ 10 ದಿನ ಅವಕಾಶವಿದೆ. ಆ ದಾರಿ ತೆರೆದಿರುವುದು ಈ ಫೋಲ್ಡರು ಇರುವವರೆಗೆ ಮಾತ್ರ.

ಈ ಹತ್ತು ದಿನಗಳಲ್ಲಿ ಎಲ್ಲವನ್ನೂ ಪರೀಕ್ಷೆ ಮಾಡಿಬಿಡಿ. ಪ್ರಿಂಟರು ಅಚ್ಚು ಹಾಕುತ್ತದೆಯೇ? ಲೆಕ್ಕದ ತಂತ್ರಾಂಶ ತೆರೆಯುತ್ತದೆಯೇ? ತೂಕದ ಯಂತ್ರ, ಹಾಲಿನ ಪರೀಕ್ಷಾ ಯಂತ್ರ ಜೋಡಿಸಿದ್ದರೆ ಅವು ಮಾತಾಡುತ್ತವೆಯೇ? ಹಳೆಯ ಕನ್ನಡ ಕಡತ ಓದಲು ಬರುತ್ತದೆಯೇ? ಎಲ್ಲವೂ ಸರಿಯಿದ್ದರೆ ನೀವೇನೂ ಮಾಡಬೇಕಾಗಿಲ್ಲ. ಅವಧಿ ಮುಗಿದ ಮೇಲೆ ಹಳೆಯದನ್ನು ವಿಂಡೋಸ್ ತಾನೇ ತೆಗೆದುಹಾಕುತ್ತದೆ. ವಿಂಡೋಸ್.ಓಲ್ಡ್ ನಿಮ್ಮ ನಕಲಿಗೆ ಬದಲಿಯಲ್ಲ ಎಂಬುದನ್ನು ಮಾತ್ರ ಮರೆಯಬೇಡಿ.

ಮೊಬೈಲು ಫೋನಿಗೂ ಇದೇ ಮಾತು

ಫೋನಿನ ಆಂಡ್ರಾಯ್ಡ್ ವ್ಯವಸ್ಥೆ ಬದಲಾಗುವಾಗಲೂ ಖಾಲಿ ಜಾಗ ಬೇಕಾಗುತ್ತದೆ. ಫೋನಿನಲ್ಲಿ ಜಾಗ ತಿನ್ನುವುದು ಹೆಚ್ಚಾಗಿ ವಾಟ್ಸಾಪ್. ಅದರ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಸ್ಟೋರೇಜ್’ ತೆರೆದರೆ ದೊಡ್ಡ ಕಡತಗಳೂ ಹಲವು ಬಾರಿ ದಾಟಿಸಿದ ಸಂದೇಶಗಳೂ ಬೇರೆ ಬೇರೆಯಾಗಿ ಕಾಣುತ್ತವೆ. ಶುಭೋದಯದ ಚಿತ್ರಗಳನ್ನು ಧಾರಾಳವಾಗಿ ಅಳಿಸಿ. ಪಹಣಿ, ವಿಮೆಯ ರಸೀದಿ, ಬೆಳೆ ಹಾನಿಯ ಫೋಟೋಗಳನ್ನು ಮೊದಲು ಬೇರೆಡೆ ಉಳಿಸಿಕೊಳ್ಳಿ.

ನೆನಪಿಡಬೇಕಾದ ಅಂಶಗಳು

ಯಂತ್ರ ಯೋಗ್ಯವೇ ಎಂದು ಮೊದಲು ಪರೀಕ್ಷಿಸಿ. ನಕಲನ್ನು ಹೊರಗೆ ಇಡಿ, ತೆರೆದು ನೋಡಿ. ಓದಿ ಅಳಿಸಿ. ಸಿ ಡ್ರೈವಿನಲ್ಲಿ 25ರಿಂದ 30 ಜಿಬಿ ಖಾಲಿ ಮಾಡಿ. ಹಳೆಯದನ್ನು ಹತ್ತು ದಿನ ಮುಟ್ಟಬೇಡಿ. ವಿಂಡೋಸನ್ನು ಇನ್ನೊಮ್ಮೆ ಹಾಕಬಹುದು, ಕೆಟ್ಟ ಡಿಸ್ಕನ್ನು ಅಂಗಡಿಯಲ್ಲಿ ಮತ್ತೆ ಕೊಳ್ಳಬಹುದು. ನಿಮ್ಮ ಸಂಘದ ಲೆಕ್ಕ ಮತ್ತು ನಿಮ್ಮ ಹೊಲದ ದಾಖಲೆ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ.