ವಿಪತ್ಕಾಲದ ಜನವಾರ್ತೆ

ಹಿಂದೆ ಕೆರೆಯ ಒಡ್ಡು ಒಡೆದರೆ ಓಲೆಕಾರನು ತಾಲೂಕಾ ಕಚೇರಿಗೆ ಓಡಬೇಕಾಗಿತ್ತು. ಈಗ ಒಡ್ಡಿನ ಮೇಲೆ ನಿಂತ ಹುಡುಗನ ಕೈಯಲ್ಲಿಯ ಫೋನೇ ಓಲೆಕಾರ. 2019ರ ಆಗಸ್ಟಿನಲ್ಲಿ ನಮ್ಮ ಮುಂಡಗೋಡ ತಾಲೂಕಿನ ಚಿಗಳ್ಳಿ ಜಲಾಶಯದ ಒಡ್ಡು ಒಡೆಯಿತು. ಸನವಳ್ಳಿಯಲ್ಲಿಯೂ ಜಲಾಶಯವುಂಟು, ಆದುದರಿಂದ ಈ ವಿಷಯವು ನನಗೆ ಬರಿಯ ಪುಸ್ತಕದ್ದಲ್ಲ.

ಜಾಲತಾಣಗಳಲ್ಲಿ ಜನರು ಬರೆದುದನ್ನು ಸೋಸಿ ವಿಪತ್ತಿನ ಸ್ವರೂಪವನ್ನು ತಿಳಿಯುವ ವಿದ್ಯೆಯೊಂದು ಬೆಳೆದಿದೆ. 2010ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಸಂಶೋಧಕರು, ಅಂದಿನ ಟ್ವಿಟರಿನಲ್ಲಿ ಬರೆಯುವ ಪ್ರತಿಯೊಬ್ಬನನ್ನೂ ಒಂದೊಂದು ಭೂಕಂಪಮಾಪಕವೆಂದೇ ಎಣಿಸಿ, ಜಪಾನಿನ ಮಾನದಲ್ಲಿ 3 ಹಾಗೂ ಮೇಲ್ಪಟ್ಟ ತೀವ್ರತೆಯ ಕಂಪಗಳಲ್ಲಿ ಶೇಕಡಾ 96ನ್ನು ಗುರುತಿಸಿದರು. ನನಗಾದರೋ ಜಕಾರ್ತಾ ನಗರದವರ ಉಪಾಯವೇ ಹೆಚ್ಚು ಮೆಚ್ಚಿಕೆ. ಅಲ್ಲಿ ಯಾರಾದರೂ 'ಬಂಜಿರ್', ಅಂದರೆ ನೆರೆ, ಎಂದು ಬರೆದೊಡನೆ ಯಂತ್ರವೇ ಅವರಿಗೆ ಮರುಪ್ರಶ್ನೆ ಹಾಕಿ, ಸ್ಥಳಸಹಿತ ವರದಿ ಕೇಳಿ, ನಕ್ಷೆಯ ಮೇಲೆ ಗುರುತಿಸುವ ಏರ್ಪಾಡು ಮಾಡಿದರು.

ಮರುಪ್ರಶ್ನೆ ಏಕೆ ಬೇಕು? 'ಸೇತುವೆ ಮುಳುಗಿತು' ಎಂದರೆ ಯಾವ ಊರಿನದು, ಇಂದಿನದೋ ಹೋದ ವರ್ಷದ್ದೋ? ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳಿಸಿದ ಚಿತ್ರದೊಳಗಿನ ಸ್ಥಳದ ಗುರುತು ಅಳಿಸಿಹೋಗುತ್ತದೆ. ಎಣಿಕೆಯೂ ಮೋಸ ಮಾಡುತ್ತದೆ: 2018ರ ಆಗಸ್ಟಿನಲ್ಲಿ ಮಡಿಕೇರಿಯ ಮನೆಯೊಂದು ಜಾರಿಬಿದ್ದ ದೃಶ್ಯವು ಎಷ್ಟು ಫೋನುಗಳಲ್ಲಿ ಸುತ್ತಿದರೂ ಅದು ಒಂದೇ ಮನೆ. ಇನ್ನು ಭಾಷೆ. ನಮ್ಮವರು 'ಹಳ್ಳ ಬಂತು' ಎನ್ನುತ್ತಾರೆ, ಅದನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಹಳ್ಳವು ಎಲ್ಲಿಂದ ಬಂತೆಂದು ಯಂತ್ರ ಬೆರಗಾಗಬೇಕಷ್ಟೆ!

ಎಲ್ಲಕ್ಕೂ ಕಠಿಣವಾದದ್ದು ಮೌನ. ಹಾನಿ ಅತಿಯಾದಲ್ಲಿ ವಿದ್ಯುತ್ತಿಲ್ಲ, ಟವರಿಲ್ಲ, ಬರಹವೂ ಇಲ್ಲ. ಗದ್ದಲವಿದ್ದಲ್ಲಿ ಮಾತ್ರ ದೋಣಿ ಕಳಿಸಿದರೆ ಮೌನದ ಊರಿನ ಗತಿಯೇನು? 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ದೇಶವೆಲ್ಲ ನೋಡಿದ್ದು ಗಂಗಾವಳಿಯಲ್ಲಿ ಲಾರಿಯ ಹುಡುಕಾಟವನ್ನು. ಆಚೆ ದಡದ ಉಳುವರೆಯ ಮನೆಗಳಿಗೂ ಅದೇ ನೀರು ಅಪ್ಪಳಿಸಿತೆಂದು ಎಷ್ಟು ಜನ ಬಲ್ಲರು? ಸುದ್ದಿ ಬಾರದ ಊರನ್ನೇ ಮೊದಲು ವಿಚಾರಿಸುವ ಪದ್ಧತಿ ಬೇಕೆಂದು ನನ್ನ ಅಭಿಪ್ರಾಯ.

ಬರೆಯುವವರು ತಾರೀಖು, ವೇಳೆ, ಊರು, ಒಡ್ಡಿನ ಯಾವ ತುದಿ, ನೀರು ಮೊಳಕಾಲಿಗೋ ಸೊಂಟಕ್ಕೋ, ಇಷ್ಟು ಬರೆದರೂ ಆ ಬರಹ ಉಪಯೋಗಕ್ಕೆ ಬಂದೀತು. ಜೊತೆಗೆ ಜಿಲ್ಲೆಯ ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡುವುದನ್ನು ಬಿಡಬಾರದು. ವಾಟ್ಸಾಪ್ ಗುಂಪಿನೊಳಗೆ ಹಾಕಿದ ಮಾತು ಯಾವ ಸಂಶೋಧಕನ ಯಂತ್ರಕ್ಕೂ ತಾನಾಗಿ ಕೇಳಿಸದು.